ಲಾ ಕಾಲೇಜಿನ ದಾರಿ, ಶಿಫಾರಸಿನ ಕಾಗದ

ಶಿಫಾರಸು ಅನ್ನುವ ಪದಕ್ಕೆ ನಮ್ಮ ತಿಪಟೂರಿನ ಕಡೆ ಕೆಟ್ಟ ವಾಸನೆ ಏನಿಲ್ಲ. ಆಯೋಗಗಳು ಶಿಫಾರಸು ಮಾಡುತ್ತವೆ, ಸಮಿತಿಗಳು ಶಿಫಾರಸು ಮಾಡುತ್ತವೆ, ಸರ್ಕಾರ ಅದನ್ನು ತೆಗೆದು ಕಪಾಟಿನಲ್ಲಿ ಇಡುತ್ತದೆ. ಕೆಟ್ಟದ್ದಕ್ಕೆ ನಮ್ಮಲ್ಲಿ ಬೇರೆಯದೇ ಪದ ಇದೆ, ವಶೀಲಿ. ದೆಹಲಿಗೆ ಬಂದ ಮೇಲೆ ನೋಡಿದರೆ ಇಲ್ಲಿ ಅದೇ ಪದ 'ಸಿಫಾರಿಶ್' ಆಗಿ ಎರಡೂ ಅರ್ಥವನ್ನು ಒಟ್ಟಿಗೆ ಹೊತ್ತುಕೊಂಡು ತಿರುಗುತ್ತಿದೆ. ಸ್ಕೂಲ್ ಅಡ್ಮಿಶನ್ನಿಗೆ ಸಿಫಾರಿಶ್, ಗ್ಯಾಸ್ ಕನೆಕ್ಷನ್ನಿಗೆ ಸಿಫಾರಿಶ್, ಆಸ್ಪತ್ರೆಯಲ್ಲಿ ಬೆಡ್ಡಿಗೆ ಸಿಫಾರಿಶ್. "ಆಪ್ ಕಿಸೀ ಕೋ ಜಾನ್ತೇ ಹೈ?" ಅನ್ನುವುದು ಈ ಊರಿನ ರಾಷ್ಟ್ರಗೀತೆ ಅಂತ ನಾನು ತಮಾಷೆ ಮಾಡುವುದುಂಟು.

ಈ ಪದದ ಬೆನ್ನು ಹತ್ತಲು ಕಾರಣ ಮಗಳು. 2025ರಲ್ಲಿ ಐದು ವರ್ಷದ ಲಾ ಮುಗಿಸಿದ್ದಾಳೆ, ಹೊರದೇಶದಲ್ಲಿ ಎಲ್‌ಎಲ್.ಎಂ. ಮಾಡಬೇಕು ಅಂತ ಅರ್ಜಿ ತುಂಬುತ್ತಿದ್ದಾಳೆ. ಒಂದು ದಿನ ಊಟಕ್ಕೆ ಕೂತಾಗ "ಅಪ್ಪಾ, ಆಕ್ಸ್‌ಫರ್ಡಿಗೆ ಮೂರು ಜನರ ರೆಕಮೆಂಡೇಶನ್ ಲೆಟರ್ ಬೇಕು" ಅಂದಳು. ನಮ್ಮನೆಯವರು ತಕ್ಷಣ ನನ್ನ ಮುಖ ನೋಡಿದರು. ಇಪ್ಪತ್ತೆಂಟು ವರ್ಷದಿಂದ ದೆಹಲಿಯಲ್ಲಿದ್ದೀರಿ, ಒಬ್ಬ ಜಡ್ಜ್ ಪರಿಚಯವೂ ಇಲ್ಲವೇ ಅನ್ನುವ ನೋಟ ಅದು. ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನ ಚಾಕರಿ. ವಕೀಲನೂ ಅಲ್ಲ, ಇತಿಹಾಸಕಾರನೂ ಅಲ್ಲ. ಆದರೆ ಪರಿಚಯದ ಸಹಿ ಅಂದರೆ ಏನು ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಆಗ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ ತೆರೆಯಬೇಕಾದರೂ ಆ ಶಾಖೆಯಲ್ಲಿ ಆಗಲೇ ಖಾತೆ ಇರುವ ಒಬ್ಬರು ಫಾರ್ಮಿನ ಕೆಳಗೆ ಸಹಿ ಹಾಕಬೇಕಿತ್ತು, ಇವರನ್ನು ನಾನು ಬಲ್ಲೆ ಅಂತ. ಇದಕ್ಕೆ 'ಇಂಟ್ರೊಡಕ್ಷನ್' ಅಂತ ಹೆಸರು. ಇದರ ಹಿಂದೆ 1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 131ನೇ ಕಲಮು ಇದೆ. ಬ್ಯಾಂಕು ಎಚ್ಚರ ತಪ್ಪದೆ ನಡೆದುಕೊಂಡಿದ್ದರೆ ಮಾತ್ರ ಕದ್ದ ಚೆಕ್ಕಿನ ವ್ಯವಹಾರದಲ್ಲಿ ಅದಕ್ಕೆ ರಕ್ಷಣೆ. ಪರಿಚಯದ ಸಹಿ ಇಲ್ಲದೆ ಖಾತೆ ತೆರೆದರೆ ಎಚ್ಚರ ತಪ್ಪಿದ ಹಾಗೆ. ನಿಯಮವೇನೋ ಸರಿ, ಆದರೆ ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದ ಆಳಿಗೆ ದೆಹಲಿಯಲ್ಲಿ ಯಾರು ಸಹಿ ಹಾಕುತ್ತಾರೆ? ನಮ್ಮ ಶಾಖೆಗೆ ಬರುತ್ತಿದ್ದ ಕನ್ನಡದವರಿಗೆಲ್ಲ ಕರ್ನಾಟಕ ಸಂಘದ ಒಬ್ಬರು ಹಿರಿಯರು ಸಹಿ ಹಾಕಿ ಹಾಕಿ ಸಾಕಾಗಿ, ಕೊನೆಗೆ "ನನ್ನ ಸಹಿಯ ರಬ್ಬರ್ ಸ್ಟ್ಯಾಂಪ್ ಮಾಡಿಸಿಬಿಡಿ ರಾಯರೇ" ಅಂದಿದ್ದರು. 2002ರಲ್ಲಿ ರಿಸರ್ವ್ ಬ್ಯಾಂಕಿನ ಕೆವೈಸಿ ಸೂಚನೆಗಳು ಬಂದವು, ಮುಂದೆ ಆಧಾರ್ ಬಂತು, ಪರಿಚಯದ ಸಹಿ ಮೆಲ್ಲಗೆ ಮಾಯವಾಯಿತು. ಯಾರನ್ನು ಬಲ್ಲಿರಿ ಅನ್ನುವ ಪ್ರಶ್ನೆ ಹೋಗಿ, ಯಾವ ಕಾಗದ ತಂದಿದ್ದೀರಿ ಅನ್ನುವ ಪ್ರಶ್ನೆ ಬಂತು.

ಲಾ ಕಾಲೇಜಿನ ಪ್ರವೇಶದ ಚರಿತ್ರೆಯನ್ನು ಓದುತ್ತಾ ಹೋದಾಗ ನನಗೆ ಕಂಡದ್ದೂ ಹೆಚ್ಚುಕಡಿಮೆ ಇದೇ. ಒಂದೇ ವ್ಯತ್ಯಾಸ, ಅಲ್ಲಿ ಹೋದ ಪ್ರಶ್ನೆ ಮತ್ತೆ ವಾಪಸು ಬಂದಿದೆ.

ಎಲ್ಲರಿಗೂ ಗೊತ್ತಿರುವ ಒಬ್ಬ ಲಾ ವಿದ್ಯಾರ್ಥಿಯಿಂದ ಶುರು ಮಾಡೋಣ. 1888ರಲ್ಲಿ ಮೋಹನದಾಸ ಗಾಂಧಿ ಅನ್ನುವ ಹುಡುಗ ಭಾವನಗರದ ಸಾಮಲದಾಸ ಕಾಲೇಜಿನಲ್ಲಿ ಓದು ತಲೆಗೆ ಹತ್ತದೆ ಒಂದು ಟರ್ಮ್ ಮುಗಿಸಿ ಮನೆಗೆ ಬಂದಿದ್ದ. ಮನೆಯ ಹಿತೈಷಿ ಮಾವಜಿ ದವೆ ಕೊಟ್ಟ ಸಲಹೆ ನೋಡಿ, ಇವತ್ತಿನ ಯಾವ ಮಧ್ಯಮ ವರ್ಗದ ಅಪ್ಪನ ಲೆಕ್ಕಾಚಾರಕ್ಕೂ ಕಮ್ಮಿಯಿಲ್ಲ. ಬಿ.ಎ. ಮಾಡಲು ನಾಲ್ಕೈದು ವರ್ಷ, ಆಮೇಲೆ ಸಿಗುವುದು ಅರವತ್ತು ರೂಪಾಯಿಯ ನೌಕರಿ. ವಿಲಾಯತಿಗೆ ಹೋದರೆ ಮೂರು ವರ್ಷದಲ್ಲಿ ಬ್ಯಾರಿಸ್ಟರ್, ಖರ್ಚು ನಾಲ್ಕೈದು ಸಾವಿರ. ಹುಡುಗನಿಗೆ ಡಾಕ್ಟರಾಗುವ ಆಸೆ, ಆದರೆ ಮನೆಯಲ್ಲಿ ಒಪ್ಪಿಗೆಯಿಲ್ಲ. ಹೀಗೆ 'ಆಯ್ಕೆ' ಆಯಿತು. ಪೋರಬಂದರಿನ ಆಡಳಿತ ನೋಡುತ್ತಿದ್ದ ಲೇಲಿ ಸಾಹೇಬರ ಹತ್ತಿರ ಸಹಾಯ ಕೇಳಲು ಹೋದರೆ ಮೊದಲು ಬಿ.ಎ. ಮಾಡಿಕೊಂಡು ಬಾ ಅಂತ ಹೇಳಿ ಮೆಟ್ಟಿಲು ಹತ್ತಿ ಹೋಗಿಬಿಟ್ಟರು.

ಗಾಂಧಿ ಹಡಗು ಹತ್ತುವಾಗ ಜೊತೆಯಲ್ಲಿ ನಾಲ್ಕು ಪರಿಚಯ ಪತ್ರಗಳಿದ್ದವು. ಡಾ. ಪ್ರಾಣಜೀವನ ಮೆಹ್ತಾ ಅವರಿಗೆ ಒಂದು, ದಲಪತರಾಮ ಶುಕ್ಲ ಅವರಿಗೆ ಒಂದು, ರಾಜಕುಮಾರ ರಣಜಿತ್‌ಸಿಂಹಜಿಗೆ ಒಂದು, ದಾದಾಭಾಯಿ ನವರೋಜಿಗೆ ಒಂದು. ಇವುಗಳಲ್ಲಿ ಕೆಲಸಕ್ಕೆ ಬಂದದ್ದು ಯಾವುದು? ಬಂದಿಳಿದ ದಿನವೇ ಹೋಟೆಲಿಗೆ ಬಂದು ನೋಡಿ, ಅಲ್ಲಿನ ರೀತಿನೀತಿ ಹೇಳಿಕೊಟ್ಟು, ಇಷ್ಟು ದುಬಾರಿ ಜಾಗದಲ್ಲಿ ಇರಬೇಡ ಅಂತ ಬುದ್ಧಿ ಹೇಳಿದವರು ಮೆಹ್ತಾ. ಇರಲು ಜಾಗ, ದಿನದ ಬದುಕು ಇವನ್ನೆಲ್ಲ ನೋಡಿಕೊಂಡವರು ಅವರು ಮತ್ತು ಶುಕ್ಲ. ಎಲ್ಲಕ್ಕಿಂತ ದೊಡ್ಡ ಹೆಸರು ದಾದಾಭಾಯಿ ಅವರದು. ಅಂಥ ದೊಡ್ಡವರಿಗೆ ತೊಂದರೆ ಕೊಡಲು ನನಗೇನು ಹಕ್ಕು ಅಂತ ಸಂಕೋಚಪಟ್ಟುಕೊಂಡು ಆ ಪತ್ರವನ್ನು ಗಾಂಧಿ ಬಹಳ ಕಾಲ ತಲುಪಿಸಲೇ ಇಲ್ಲ! ಈ ನಾಲ್ಕು ಪತ್ರಗಳ ಕಥೆಯನ್ನು ನಾನು ಮಗಳಿಗೆ ಎರಡು ಸಲ ಹೇಳಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನರ್ ಟೆಂಪಲ್ಲಿಗೆ ಸೇರಲು ಗಾಂಧಿಗೆ ಗಂಡಸಾಗಿದ್ದರೆ ಮತ್ತು ದುಡ್ಡಿದ್ದರೆ ಹೆಚ್ಚುಕಡಿಮೆ ಸಾಕಾಗಿತ್ತು. ಕಾರ್ನೀಲಿಯಾ ಸೊರಾಬ್ಜಿಗೆ ಹಾಗಿರಲಿಲ್ಲ. ನಾಸಿಕದಲ್ಲಿ 1866ರಲ್ಲಿ ಹುಟ್ಟಿದ ಈ ಹೆಣ್ಣುಮಗಳು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ ಮೊದಲ ಸಾಲಿನಲ್ಲಿ ಪಾಸಾದಳು. ಅಷ್ಟು ಅಂಕ ಬಂದ ಗಂಡು ಹುಡುಗನಿಗೆ ಇಂಗ್ಲೆಂಡಿಗೆ ಹೋಗಲು ಸರ್ಕಾರಿ ಸ್ಕಾಲರ್‌ಶಿಪ್ ಸಿಗುತ್ತಿತ್ತು. ಹೆಣ್ಣು ಅಂತ ಇವಳಿಗೆ ಇಲ್ಲ ಅಂದರು. ಆಗ ಅವಳ ಪರವಾಗಿ ಲೇಡಿ ಹಾಬ್‌ಹೌಸ್ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದರು, ಚಂದಾ ಎತ್ತಿದರು. ಫ್ಲಾರೆನ್ಸ್ ನೈಟಿಂಗೇಲ್ ಕೂಡ ಹಣ ಕೊಟ್ಟರು. 1889ರಲ್ಲಿ ಆಕ್ಸ್‌ಫರ್ಡ್ ಸೇರಿದ ಮೇಲೂ ಬಿ.ಸಿ.ಎಲ್. ಪರೀಕ್ಷೆಗೆ ಹೆಣ್ಣುಮಕ್ಕಳನ್ನು ಕೂರಿಸುವ ಪದ್ಧತಿ ಇರಲಿಲ್ಲ. ಬೇಲಿಯಲ್ ಕಾಲೇಜಿನ ಮುಖ್ಯಸ್ಥ ಬೆಂಜಮಿನ್ ಜೋವೆಟ್ ಅಂಥವರು ಬೆಂಬಲಕ್ಕೆ ನಿಂತದ್ದರಿಂದ ವಿಶೇಷ ಅನುಮತಿ ಸಿಕ್ಕಿ 1892ರಲ್ಲಿ ಪರೀಕ್ಷೆ ಬರೆದಳು. ಡಿಗ್ರಿ ಕೈಗೆ ಬಂದದ್ದು? 1922ರಲ್ಲಿ. ಮೂವತ್ತು ವರ್ಷ! ಪಾಸ್‌ಬುಕ್ ಎಂಟ್ರಿಗೆ ಮೂರು ದಿನ ತಡವಾದರೆ ನಮ್ಮ ಗಿರಾಕಿಗಳು ಮ್ಯಾನೇಜರ್ ಕ್ಯಾಬಿನ್ನಿಗೆ ನುಗ್ಗುತ್ತಾರೆ, ಇರಲಿ ಬಿಡಿ.

ಡಾ. ಅಂಬೇಡ್ಕರ್ ವಿಷಯದಲ್ಲೂ ಪತ್ರಗಳಿವೆ. ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಮೇಲೆ 1913ರಲ್ಲಿ ಕೊಲಂಬಿಯಾಕ್ಕೆ ಹೋಗಿ, 1916ರಲ್ಲಿ ಲಂಡನ್ನಿನ ಗ್ರೇಸ್ ಇನ್ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಎರಡಕ್ಕೂ ಸೇರಿದರು. ಮರುವರ್ಷ ಸ್ಕಾಲರ್‌ಶಿಪ್ ನಿಂತು ಅರ್ಧಕ್ಕೆ ವಾಪಸು ಬರಬೇಕಾಯಿತು. ಮುಂಬೈಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ, ದುಡ್ಡು ಕೂಡಿಸಿ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವೂ ಸಿಕ್ಕಿ, 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಆಗ ಕೊಲಂಬಿಯಾದ ಗುರುಗಳಾದ ಪ್ರೊ. ಸೆಲಿಗ್‌ಮನ್ ಲಂಡನ್ನಿನ ಪ್ರೊ. ಫಾಕ್ಸ್‌ವೆಲ್‌ಗೆ ಇವರ ಬಗ್ಗೆ ಬರೆದರು. ಸೆಲಿಗ್‌ಮನ್ ಅವರ ಕೈಕೆಳಗೆ ಅಂಬೇಡ್ಕರ್ ವರ್ಷಗಟ್ಟಲೆ ಓದಿದ್ದರು. ಆ ಪತ್ರ ಒಬ್ಬ ಮೇಷ್ಟ್ರು ತನ್ನ ಶಿಷ್ಯನ ಕೆಲಸ ನೋಡಿ ಬರೆದದ್ದು. ಊರಿನಲ್ಲಿ ಯಾವ ಕುಲಕರ್ಣಿಯೂ ಮಾಮಲೆದಾರನೂ ಅಂಬೇಡ್ಕರರ ಪರವಾಗಿ ಅಂಥದೊಂದು ಪತ್ರ ಬರೆದುಕೊಡುತ್ತಿದ್ದನೇ ಅಂತ ಯೋಚಿಸಿ ನೋಡಿ. ಹತ್ತಿರದವರು ಬಾಗಿಲು ಹಾಕಿದಾಗ ಎಲ್ಲೋ ದೂರದ ಒಬ್ಬರ ಕಾಗದ ಕಿಟಕಿ ತೆರೆದಿದೆ. ಆದ್ದರಿಂದ ಶಿಫಾರಸು ಅಂದಕೂಡಲೇ ಮೂಗು ಮುರಿಯುವವರ ಜೊತೆ ನಾನು ಸೇರುವುದಿಲ್ಲ. 1935ರಲ್ಲಿ ಇದೇ ಅಂಬೇಡ್ಕರ್ ಮುಂಬೈಯ ಸರ್ಕಾರಿ ಲಾ ಕಾಲೇಜಿಗೆ ಪ್ರಿನ್ಸಿಪಾಲರಾದರು.

ಇನ್ನು ನಮ್ಮವರು. ಏಕೀಕರಣಕ್ಕೆ ಮುಂಚೆ ಕನ್ನಡದ ಹುಡುಗ ಯಾವ ಲಾ ಕಾಲೇಜಿಗೆ ಹೋಗಬೇಕು ಅನ್ನುವುದನ್ನು ಅವನ ಬುದ್ಧಿಗಿಂತ ಅವನ ತಾಲ್ಲೂಕು ಯಾವ ಸರ್ಕಾರಕ್ಕೆ ಸೇರಿದೆ ಅನ್ನುವುದು ನಿರ್ಧರಿಸುತ್ತಿತ್ತು. ಮಂಗಳೂರು ಕಡೆಯವರಿಗೆ ಮದ್ರಾಸು. ಮುಂದೆ ಲೋಕಸಭೆಯ ಸ್ಪೀಕರ್ ಆದ ಕೆ.ಎಸ್. ಹೆಗ್ಡೆ ಓದಿದ್ದು ಮದ್ರಾಸ್ ಲಾ ಕಾಲೇಜಿನಲ್ಲಿ. ಧಾರವಾಡ, ಬಿಜಾಪುರ ಕಡೆಯವರಿಗೆ ಪುಣೆ, ಮುಂಬೈ. ಏಕೀಕರಣದ ಕುಲಪುರೋಹಿತರು ಅಂತ ನಾವು ಕರೆಯುವ ಆಲೂರು ವೆಂಕಟರಾಯರು ಬಿ.ಎ. ಮಾಡಿದ್ದು ಪುಣೆಯ ಫರ್ಗ್ಯುಸನ್ನಿನಲ್ಲಿ, ಎಲ್‌ಎಲ್.ಬಿ. ಮುಂಬೈಯಲ್ಲಿ. ಕನ್ನಡ ಎಲ್ಲಿದೆ ಅಂತ ಹುಡುಕುವ ಹಟ ಅವರಿಗೆ ಪರಊರಿನ ಹಾಸ್ಟೆಲುಗಳಲ್ಲೇ ಹತ್ತಿರಬೇಕು ಅಂತ ನನ್ನ ಊಹೆ. ನಮ್ಮಂಥ ವಲಸಿಗರಿಗೆ ಇದು ಬೇಗ ಅರ್ಥವಾಗುತ್ತದೆ.

ಹಳೇ ಮೈಸೂರಿನವರದು ಇನ್ನೂ ವಿಚಿತ್ರ. 1916ರಲ್ಲೇ ಸ್ವಂತ ವಿಶ್ವವಿದ್ಯಾಲಯ ಬಂದಿತ್ತು, ಆದರೆ ಬೆಂಗಳೂರಿನ ಸರ್ಕಾರಿ ಲಾ ಕಾಲೇಜು ಶುರುವಾದದ್ದು 1948ರಲ್ಲಿ. ಹಾಗಾಗಿ ನಿಜಲಿಂಗಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಪುಣೆಗೆ ಹೋಗಿ 1926ರಲ್ಲಿ ಲಾ ಮುಗಿಸಿದರು. ಅಲ್ಲಿನ ಐಎಲ್‌ಎಸ್ ಲಾ ಕಾಲೇಜು ಶುರುವಾಗಿ ಆಗ ಎರಡೇ ವರ್ಷ. ಕೆಂಗಲ್ ಹನುಮಂತಯ್ಯನವರೂ ಮಹಾರಾಜಾ ಕಾಲೇಜಿನಿಂದ ಪುಣೆಗೇ ಹೋಗಿ 1932ರಲ್ಲಿ ವಕೀಲರಾದರು. ವಿಧಾನಸೌಧ ಕಟ್ಟಿಸಿದವರು, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ, ಇಬ್ಬರೂ ಕಾಯ್ದೆ ಕಲಿತದ್ದು ಮರಾಠಿ ಊರಿನಲ್ಲಿ! 1939ರಲ್ಲಿ ಬೆಳಗಾವಿಯಲ್ಲಿ ರಾಜಾ ಲಖಮಗೌಡ ಲಾ ಕಾಲೇಜು ತೆರೆದ ಮೇಲೆ ಕನ್ನಡ ನೆಲದಲ್ಲೇ ಒಂದು ಆಸರೆ ಸಿಕ್ಕಿತು.

ಆ ಬೆಳಗಾವಿ ಕಾಲೇಜಿನಲ್ಲಿ ಓದಿದವರು ಪಾಂಡವಪುರ ತಾಲ್ಲೂಕಿನ ಇ.ಎಸ್. ವೆಂಕಟರಾಮಯ್ಯನವರು. ಪುಣೆಯಲ್ಲಿ ಒಂದಷ್ಟು, ಬೆಳಗಾವಿಯಲ್ಲಿ ಒಂದಷ್ಟು ಕಾನೂನು ಓದಿ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಅವರ ಮಗಳು ಬಿ.ವಿ. ನಾಗರತ್ನ ಅವರು ಲಾ ಓದಿದ್ದು ಎಲ್ಲಿ ಹೇಳಿ? ಇಲ್ಲೇ, ದೆಹಲಿ ವಿಶ್ವವಿದ್ಯಾಲಯದ ಕ್ಯಾಂಪಸ್ ಲಾ ಸೆಂಟರಿನಲ್ಲಿ. 1987ರಲ್ಲಿ ಬೆಂಗಳೂರಿಗೆ ಹೋಗಿ ವಕೀಲಿಕೆ ಶುರು ಮಾಡಿ, 2021ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಅಪ್ಪನಿಗೆ ಬೆಳಗಾವಿ, ಮಗಳಿಗೆ ದೆಹಲಿ. ಅಪ್ಪನಿಗೆ ವರ್ಗವಾದ ಊರಿನ ಕಾಲೇಜೇ ಮಕ್ಕಳ ಕಾಲೇಜು ಅನ್ನುವುದು ನಮ್ಮ ಬ್ಯಾಂಕಿನವರಿಗೂ ಗೊತ್ತಿರುವ ವಿಚಾರ.

ದೆಹಲಿ ವಿಶ್ವವಿದ್ಯಾಲಯದ ಲಾ ವಿಭಾಗ 1924ರದ್ದು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಅದರ ಸಂಜೆ ತರಗತಿಗಳ ಬಗ್ಗೆ ಬಹಳ ಕೇಳುತ್ತಿದ್ದೆ. ಧೌಲಾ ಕುವಾಂ ಹತ್ತಿರ ಆತ್ಮಾರಾಮ್ ಸನಾತನ ಧರ್ಮ ಕಾಲೇಜಿನ ಕಟ್ಟಡದಲ್ಲಿ ಲಾ ಸೆಂಟರ್ ಟೂ ನಡೆಯುತ್ತಿತ್ತು. ಆರ್.ಕೆ. ಪುರಂ, ಸರೋಜಿನಿ ನಗರದ ಕ್ವಾರ್ಟರ್ಸಿನ ಗುಮಾಸ್ತರು, ಸೆಕ್ಷನ್ ಆಫೀಸರುಗಳು ಆಫೀಸು ಮುಗಿಸಿ, ಕೈಯಲ್ಲಿ ಟಿಫನ್ ಡಬ್ಬಿ ಹಿಡಿದುಕೊಂಡೇ ಕ್ಲಾಸಿಗೆ ಓಡುತ್ತಿದ್ದರು. ನಮ್ಮ ಬ್ಯಾಂಕಿನ ಇಬ್ಬರು ಹಾಗೆ ಎಲ್‌ಎಲ್.ಬಿ. ಮಾಡಿ ಲೀಗಲ್ ವಿಭಾಗಕ್ಕೆ ಹೋದರು. ಶಿಫಾರಸು ಬೇಡ, ಹಾಸ್ಟೆಲ್ ಬೇಡ, ಸಂಬಳ ಬಿಡಬೇಕಾಗಿಲ್ಲ. ಸಂಸಾರಸ್ಥರ ಲಾ ಕಾಲೇಜು ಅದು. ಬಾರ್ ಕೌನ್ಸಿಲಿನ 2008ರ ನಿಯಮಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ಪಾಠ ಮುಗಿಯಬೇಕು ಅಂದ ಮೇಲೆ ಅಂಥವರ ದಾರಿ ಕಿರಿದಾಯಿತು. ಇದನ್ನು ಸುಧಾರಣೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ನಾವು ಕರ್ನಾಟಕದಿಂದ ದೆಹಲಿಗೆ ಬರುತ್ತಿದ್ದಾಗ ಒಬ್ಬರು ದೆಹಲಿಯಿಂದ ಬೆಂಗಳೂರಿಗೆ ಹೋದರು. ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಪ್ರೊ. ಎನ್.ಆರ್. ಮಾಧವ ಮೆನನ್. ಲಾ ಅಂದರೆ ಬೇರೇನೂ ಸಿಗದವರು ಸೇರುವ ಕೋರ್ಸು ಅನ್ನುವ ಕಾಲ ಅದು. ನಮ್ಮೂರಿನಲ್ಲಂತೂ, ಬಿ.ಕಾಂ. ಆಗಿ ಬ್ಯಾಂಕ್ ಪರೀಕ್ಷೆ ಪಾಸಾಗದಿದ್ದರೆ "ಲಾ ಮಾಡ್ತಾ ಇದಾನೆ" ಅಂತ ಹೇಳಿ ಮನೆಯವರು ಮರ್ಯಾದೆ ಉಳಿಸಿಕೊಳ್ಳುತ್ತಿದ್ದರು. ಬಾರ್ ಕೌನ್ಸಿಲ್ ಒಂದು ಮಾದರಿ ಶಾಲೆ ಮಾಡಬೇಕು ಅಂತ ಹೊರಟಿತು, ಕರ್ನಾಟಕ ವಿಧಾನಮಂಡಲ 1986ರಲ್ಲಿ ಕಾಯ್ದೆ ಮಾಡಿತು, ಮೆನನ್ ಮೊದಲ ನಿರ್ದೇಶಕರಾದರು. 1988ರ ಜುಲೈನಲ್ಲಿ ನ್ಯಾಷನಲ್ ಲಾ ಸ್ಕೂಲಿನ ಮೊದಲ ಬ್ಯಾಚು ಶುರುವಾದದ್ದು ಸೆಂಟ್ರಲ್ ಕಾಲೇಜಿನ ಆವರಣದಲ್ಲಿ, ನಾಗರಭಾವಿ ಆಮೇಲಿನ ಮಾತು. ನಿಜಲಿಂಗಪ್ಪನವರು ಬಿ.ಎ. ಮುಗಿಸಿ, ಲಾ ಓದಲು ಪುಣೆಗೆ ಹೊರಟ ಅದೇ ಸೆಂಟ್ರಲ್ ಕಾಲೇಜು! ಪಿಯುಸಿ ಆದ ಮೇಲೆ ಐದು ವರ್ಷದ ಓದು, ದೇಶದ ಎಲ್ಲ ಕಡೆಯಿಂದ ಮಕ್ಕಳು, ಪ್ರವೇಶಕ್ಕೆ ಪರೀಕ್ಷೆ. ನನ್ನ ಪ್ರಕಾರ ದೊಡ್ಡ ಬದಲಾವಣೆ ಈ ಪರೀಕ್ಷೆಯೇ. ವಕೀಲರ ಮನೆಯ ಮಗನೋ, ಜಡ್ಜ್ ಮಗಳೋ, ತಿಪಟೂರಿನ ತೆಂಗಿನಕಾಯಿ ಮಂಡಿಯ ಗುಮಾಸ್ತನ ಮಗನೋ ಅಂತ ಉತ್ತರ ಪತ್ರಿಕೆ ಕೇಳುವುದಿಲ್ಲ.

ಬೆಂಗಳೂರಿನ ಶಾಲೆ ಗೆದ್ದದ್ದೇ ತಡ, ಭೋಪಾಲ್, ಹೈದರಾಬಾದ್, ಕೋಲ್ಕತಾ, ಜೋಧಪುರ, ರಾಯಪುರ, ಗಾಂಧಿನಗರ ಅಂತ ಒಂದೊಂದು ರಾಜ್ಯವೂ ಒಂದೊಂದು ತೆರೆಯಿತು. ಪ್ರತಿಯೊಂದಕ್ಕೂ ಬೇರೆ ಪರೀಕ್ಷೆ, ಬೇರೆ ಫೀಸು, ಬೇರೆ ರೈಲು ಟಿಕೆಟ್ಟು. 2006ರಲ್ಲಿ ವರುಣ್ ಭಗತ್ ಅನ್ನುವವರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಇವೆಲ್ಲ ಒಂದಾಗಿ, 2008ರ ಮೇ 11ರಂದು ಏಳು ಶಾಲೆಗಳಿಗೆ ಮೊದಲ ಕ್ಲ್ಯಾಟ್ ಪರೀಕ್ಷೆ ನಡೆಯಿತು. ಅದೇ ವರ್ಷ ಹುಟ್ಟಿದ ದೆಹಲಿಯ ದ್ವಾರಕಾದ ನ್ಯಾಷನಲ್ ಲಾ ಯೂನಿವರ್ಸಿಟಿ ಮಾತ್ರ ಇವತ್ತಿಗೂ ತನ್ನದೇ ಐಲೆಟ್ ಪರೀಕ್ಷೆ ಇಟ್ಟುಕೊಂಡಿದೆ. ದೆಹಲಿ ಅಲ್ಲವೇ, ಅದರ ದರ್ಬಾರೇ ಬೇರೆ.

ಪರೀಕ್ಷೆ ಬಂತು ಅಂದ ಕೂಡಲೇ ಎಲ್ಲ ಸಮ ಆಯಿತು ಅಂತಲ್ಲ. ಕೋಚಿಂಗ್ ಬಂತು. ಇಂಗ್ಲಿಷ್ ಬಾರದ ಮಕ್ಕಳು ಮೊದಲ ಪುಟದಲ್ಲೇ ಸೋತರು. ಅರ್ಜಿಗೇ ನಾಲ್ಕು ಸಾವಿರ ರೂಪಾಯಿ ಆಯಿತು. ಬೆಂಗಳೂರಿನ ಅದೇ ಶಾಲೆಯಲ್ಲಿ ಓದಿದ್ದ ಪ್ರೊ. ಶಮ್ನಾದ್ ಬಶೀರ್ ಇದನ್ನು ನೋಡಿ 2010ರಲ್ಲಿ 'ಇಡಿಯಾ' ಅನ್ನುವ ಸಂಸ್ಥೆ ಕಟ್ಟಿದರು, ಬಡ ಮಕ್ಕಳನ್ನು ಹುಡುಕಿ ತಯಾರಿ ಮಾಡಿಸಿ ಈ ಕಾಲೇಜುಗಳಿಗೆ ಸೇರಿಸುವುದಕ್ಕೆ. 2019ರಲ್ಲಿ ನಮ್ಮ ಚಿಕ್ಕಮಗಳೂರಿನ ಬೆಟ್ಟದ ಮೇಲೆ ಅಕಾಲದಲ್ಲಿ ತೀರಿಕೊಂಡರು ಪಾಪ. ಕೆಲಸ ನಡೆದಿದೆ.

ಈಗ ನಮ್ಮ ಮನೆಯ ಕಥೆ, 2020. ಕೊರೊನಾ ವರ್ಷ. ನಾವಿರುವುದು ಗಾಜಿಯಾಬಾದಿನ ಇಂದಿರಾಪುರಂನಲ್ಲಿ, ಮಗಳ ಶಾಲೆಯೂ ಅಲ್ಲೇ. ಆ ವರ್ಷ ದೆಹಲಿಯ ಲಾ ಯೂನಿವರ್ಸಿಟಿ ಅರ್ಧ ಸೀಟುಗಳನ್ನು ದೆಹಲಿಯ ಶಾಲೆಗಳಲ್ಲಿ ಪಾಸಾದವರಿಗೆ ಅಂತ ಮೀಸಲಿಟ್ಟಿತು. ನಮ್ಮ ಮನೆಯಿಂದ ದೆಹಲಿಯ ಗಡಿ ಆಟೋದಲ್ಲಿ ಹೋಗುವಷ್ಟು ದೂರ, ಆದರೆ ಶಾಲೆ ಉತ್ತರ ಪ್ರದೇಶದ್ದು. ಹೋಗಲಿ ಬೆಂಗಳೂರು ನಮ್ಮದಲ್ಲವೇ ಅಂತ ತಿರುಗಿದರೆ, ಕರ್ನಾಟಕ ಸರ್ಕಾರವೂ ಅದೇ ವರ್ಷ ಕಾಯ್ದೆ ತಿದ್ದಿ ಶೇ 25 ಸೀಟು ರಾಜ್ಯದ ವಿದ್ಯಾರ್ಥಿಗಳಿಗೆ ಅಂದಿತು. ಯಾರು ರಾಜ್ಯದ ವಿದ್ಯಾರ್ಥಿ? ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರು. ಮನೆಯಲ್ಲಿ ಕನ್ನಡ ಮಾತಾಡುವ, ಬೇಸಿಗೆಗೆ ಅಜ್ಜಿ ಮನೆಯಲ್ಲಿ ಹಲಸಿನ ಹಣ್ಣು ತಿನ್ನುವ ನಮ್ಮ ಹುಡುಗಿ ಅಲ್ಲಿಗೂ ಸೇರಲಿಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷ ಓದಿದ ಪಂಜಾಬಿ ಹುಡುಗ ಸೇರಿದ. ನಿಯಮ ತಪ್ಪು ಅಂತ ನಾನು ಹೇಳಲಾರೆ. ಅಲ್ಲಿ ಬೆಳೆದವನು ಅಲ್ಲಿಯವನು, ಸರಿಯೇ. ಆದರೆ ಎಲ್ಲ ರಾಜ್ಯವೂ ಹೀಗೇ ಅಳೆದರೆ ಎನ್‌ಸಿಆರ್‌ನಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ತ್ರಿಶಂಕುವಿನ ಗತಿ.

ಆ ಸೆಪ್ಟೆಂಬರ್ ತಿಂಗಳು ಮರೆಯುವ ಹಾಗಿಲ್ಲ. ದೆಹಲಿಯ ಮೀಸಲಾತಿಗೆ ಹೈಕೋರ್ಟು ಜೂನ್ ಕೊನೆಯಲ್ಲೇ ತಡೆ ಕೊಟ್ಟಿತ್ತು. ಕ್ಲ್ಯಾಟ್ ಮುಂದೆ ಮುಂದೆ ಹೋಗಿ ಬೇಸತ್ತ ಬೆಂಗಳೂರಿನ ಶಾಲೆ ತಾನೇ 'ಎನ್‌ಲ್ಯಾಟ್' ಅಂತ ಬೇರೆ ಪರೀಕ್ಷೆ ಇಟ್ಟು, 12ನೇ ತಾರೀಕು ಮಕ್ಕಳು ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಬರೆದರು. 21ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 26ಕ್ಕೆ ಐಲೆಟ್, 28ಕ್ಕೆ ಕ್ಲ್ಯಾಟ್. ಮರುದಿನ 29ಕ್ಕೆ ಕರ್ನಾಟಕ ಹೈಕೋರ್ಟು ರಾಜ್ಯದ ಶೇ 25ರ ಮೀಸಲಾತಿಯನ್ನೂ ಹೊಡೆದುಹಾಕಿತು, ಇದು ರಾಷ್ಟ್ರಮಟ್ಟದ ಸಂಸ್ಥೆ, ಹೀಗೆ ಮಾಡಲು ರಾಜ್ಯಕ್ಕೆ ಅಧಿಕಾರವಿಲ್ಲ ಅಂತ. ಆಮೇಲೆ ಶಾಲೆಯೇ ತನ್ನ ವಿಸ್ತರಣೆಯ ಯೋಜನೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಇಟ್ಟುಕೊಂಡಿದೆ. ಅಳತೆ ಮಾತ್ರ ಅದೇ ಹತ್ತು ವರ್ಷದ ಓದು. ಹಾಗಾಗಿ ಇಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು ಫಾರ್ಮ್ ತುಂಬುವ ಮೊದಲು ಈ ಸಾಲನ್ನು ಓದಿಕೊಳ್ಳಿ. ಮಾತೃಭಾಷೆಯ ಕಾಲಮ್ಮಿಗೆ ಅಲ್ಲಿ ಬೆಲೆಯಿಲ್ಲ, ಹತ್ತು ವರ್ಷದ ಶಾಲೆಯ ದಾಖಲೆ ಬೇಕು.

ಮಗಳು ಕೊನೆಗೆ ಸೇರಿದ್ದು ದೆಹಲಿಯೂ ಅಲ್ಲ, ಬೆಂಗಳೂರೂ ಅಲ್ಲ, ಒಂದು ರಾತ್ರಿ ರೈಲಿನಲ್ಲಿ ಹೋಗುವ ಊರು. ಇಲ್ಲೇ ಇರಲಿ ಅನ್ನುವವರಿಗೆ ಎನ್‌ಸಿಆರ್‌ನಲ್ಲಿ ದಾರಿಗಳಿವೆ. ಜಾಮಿಯಾದ ಲಾ ವಿಭಾಗ, ದ್ವಾರಕಾದ ಇಂದ್ರಪ್ರಸ್ಥ ವಿಶ್ವವಿದ್ಯಾಲಯ, 2023ರಿಂದ ದೆಹಲಿ ವಿಶ್ವವಿದ್ಯಾಲಯದ್ದೂ ಐದು ವರ್ಷದ ಕೋರ್ಸು ಕ್ಲ್ಯಾಟ್ ಮೂಲಕ. ಸೋನಿಪತದಲ್ಲಿ 2009ರಲ್ಲಿ ಶುರುವಾದ ಜಿಂದಲ್ ಇದೆ, ಆದರೆ ಅಲ್ಲಿನ ಫೀಸಿನ ಪಟ್ಟಿಯನ್ನು ಸಾಲದ ಅರ್ಜಿಯ ಜೊತೆ ಬಹಳ ಸಲ ನೋಡಿದವನು ನಾನು, ಕೈಗೆ ತೆಗೆದುಕೊಳ್ಳುವ ಮೊದಲು ಸ್ವಲ್ಪ ಕೂತುಕೊಳ್ಳಿ.

ಈಗ ಆ ಮೂರು ಪತ್ರಗಳಿಗೆ ಬರೋಣ. ನಮ್ಮ ದೇಶದ ಲಾ ಪ್ರವೇಶದಿಂದ ಶಿಫಾರಸಿನ ಕಾಗದ ಹೋಯಿತು ಅಂದುಕೊಂಡರೆ ಎಲ್‌ಎಲ್.ಎಂ.ಗೆ ಅಂತ ಹೊರಟ ತಕ್ಷಣ ಅದು ಮತ್ತೆ ಎದುರಿಗೆ ನಿಂತಿದೆ. ಅಮೆರಿಕದವರು ಎಲ್‌ಸ್ಯಾಟ್ ಅಂತ ಪ್ರವೇಶ ಪರೀಕ್ಷೆಯನ್ನು 1948ರಲ್ಲೇ ತಂದರು, ಆದರೆ ಪತ್ರವನ್ನು ಬಿಡಲಿಲ್ಲ. ಈಗ ಪತ್ರ ಅಭ್ಯರ್ಥಿಯ ಕೈಗೆ ಬರುವುದೇ ಇಲ್ಲ. ನೀವು ಹೆಸರು ಮತ್ತು ಈಮೇಲ್ ಕೊಡುತ್ತೀರಿ, ಅವರಿಗೆ ಲಿಂಕ್ ಹೋಗುತ್ತದೆ, ಅವರೇ ಅಪ್‌ಲೋಡ್ ಮಾಡುತ್ತಾರೆ. 1974ರ ಅಮೆರಿಕದ ಒಂದು ಕಾಯ್ದೆ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕು ಕೊಟ್ಟಿದೆ, ಫಾರ್ಮಿನಲ್ಲಿ ಆ ಹಕ್ಕನ್ನು ಬಿಟ್ಟುಕೊಡುತ್ತೀರಾ ಅಂತ ಕೇಳುತ್ತಾರೆ. ಬಿಟ್ಟುಕೊಟ್ಟರೆ ಪತ್ರಕ್ಕೆ ತೂಕ ಹೆಚ್ಚು. ನಮ್ಮ ಬ್ಯಾಂಕಿನ ಕಾನ್ಫಿಡೆನ್ಶಿಯಲ್ ರಿಪೋರ್ಟಿನ ಹಾಗೆಯೇ.

ಇಲ್ಲಿ ನಮ್ಮ ಮಕ್ಕಳಿಗೆ ಎರಡು ತೊಡಕು. ಒಂದು, ಅನೇಕ ಕಡೆ ಮೇಷ್ಟ್ರುಗಳು "ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ" ಅನ್ನುತ್ತಾರೆ. ತನ್ನ ಬಗ್ಗೆ ತಾನೇ ಬರೆದುಕೊಂಡ ಪತ್ರ ಎಲ್ಲವೂ ಒಂದೇ ಥರ ಇರುತ್ತವೆ, ಪರಿಶ್ರಮಿ, ಪ್ರಾಮಾಣಿಕ, ಸಮಯಪಾಲಕ. ಓದುವವರು ಪೆದ್ದರಲ್ಲ. ಎರಡನೆಯದು ದೊಡ್ಡ ಹೆಸರಿನ ಹುಚ್ಚು. ಸುಪ್ರೀಂ ಕೋರ್ಟಿನ ಹಿರಿಯ ವಕೀಲರ ಚೇಂಬರಿನಲ್ಲಿ ಒಂದು ತಿಂಗಳು ಇಂಟರ್ನ್‌ಶಿಪ್ ಮಾಡಲು ಸಿಫಾರಿಶ್, ಆಮೇಲೆ ಅವರ ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲಿಗೆ ಇನ್ನೊಂದು ಸಿಫಾರಿಶ್. ವಕೀಲರ ಮನೆತನದ ಮಕ್ಕಳಿಗೆ ಇದು ಫೋನಿನ ಕೆಲಸ. ಮನೆಯಲ್ಲೇ ಮೊದಲ ಸಲ ಲಾ ಓದಿದ ನಮ್ಮಂಥವರ ಮಕ್ಕಳು ಇದನ್ನು ನೋಡಿ ಕುಗ್ಗಿಹೋಗುತ್ತಾರೆ. ನಮ್ಮನೆಯವರ ನೋಟದ ಹಿಂದೆ ಇದ್ದದ್ದೂ ಇದೇ ಹೆದರಿಕೆ.

ಗಾಂಧಿಯ ನಾಲ್ಕು ಪತ್ರಗಳ ಕಥೆಯನ್ನು ಮಗಳಿಗೆ ಹೇಳಿದ್ದು ಅದಕ್ಕೇ. ಅವಳು ಕೊನೆಗೆ ಆರಿಸಿಕೊಂಡ ಮೂವರಲ್ಲಿ ಯಾರ ಹೆಸರೂ ಪೇಪರಿನಲ್ಲಿ ಬರುವಂಥದ್ದಲ್ಲ. ಎರಡು ವರ್ಷ ಕಾರ್ಮಿಕ ಕಾಯ್ದೆ ಹೇಳಿಕೊಟ್ಟು ಅವಳ ಪ್ರಾಜೆಕ್ಟನ್ನು ಮೂರು ಸಲ ವಾಪಸು ಕಳಿಸಿದ ಮೇಡಂ ಒಬ್ಬರು. ಕಾಲೇಜಿನ ಕಾನೂನು ನೆರವು ಕೇಂದ್ರ ನೋಡಿಕೊಳ್ಳುತ್ತಿದ್ದ, ಇನ್ನೂ ಕಿರಿಯ ಪ್ರಾಧ್ಯಾಪಕರು ಒಬ್ಬರು. ಮತ್ತೆ ಕಡ್ಕಡ್‌ಡೂಮಾ ಜಿಲ್ಲಾ ಕೋರ್ಟಿನಲ್ಲಿ ಎರಡು ಬೇಸಿಗೆ ಇವಳಿಂದ ಬಾಡಿಗೆ ಮೊಕದ್ದಮೆಗಳ ಕಡತ ಓದಿಸಿದ ವಕೀಲರು. ಮೂವರಿಗೂ ಎರಡು ತಿಂಗಳು ಮುಂಚೆಯೇ ಕೇಳಿದಳು. ತಾನು ಬರೆದ ಪ್ರಾಜೆಕ್ಟು, ಅಂಕಪಟ್ಟಿ, ಯಾವ ಕಾಲೇಜು ಯಾಕೆ ಅನ್ನುವ ಒಂದು ಪುಟ, ಕೊನೆಯ ತಾರೀಕುಗಳ ಪಟ್ಟಿ ಎಲ್ಲ ಕಳಿಸಿದಳು. ವಕೀಲರು ಮಾತ್ರ, ಇಂಥ ಲೆಟರ್ ಜನ್ಮದಲ್ಲಿ ಬರೆದಿಲ್ಲ ಬೇಟಾ, ಏನು ಬರೆಯಲಿ ಅಂತ ಫೋನ್ ಮಾಡಿದರು.

"ನೀವು ನೋಡಿದ್ದನ್ನು ಬರೆಯಿರಿ ಸರ್" ಅಂದಳಂತೆ. ಅವರು ಒಂದೂವರೆ ಪುಟ ಬರೆದಿದ್ದಾರೆ ಅಂತ ತಿಳಿಯಿತು. ಒಳಗೆ ಏನಿದೆ ಅಂತ ಅವಳಿಗೂ ಗೊತ್ತಿಲ್ಲ, ನನಗಂತೂ ಗೊತ್ತಾಗುವ ಹಾಗೇ ಇಲ್ಲ. ಮೂರರಲ್ಲಿ ಎರಡು ಅಪ್‌ಲೋಡ್ ಆಗಿದೆ. ಮೇಡಂ ಅವರದು ಬಾಕಿ ಇದೆ, ಉತ್ತರ ಪತ್ರಿಕೆಗಳ ಮೌಲ್ಯಮಾಪನ ಮುಗಿಸಿ ಭಾನುವಾರ ಕೂರುತ್ತೇನೆ ಅಂದಿದ್ದಾರಂತೆ.